ಜಾಲಪುಟದಲ್ಲಿ ಚಿಹ್ನೆಗಳ ಪಾಡು



ಮೊಬೈಲಿನಲ್ಲಿ ಸುದ್ದಿಯ ತಲೆಬರಹ ಓದುವವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಯಾರೋ ಮಂತ್ರಿಗಳ ಮಾತು. ಅದರ ಎರಡೂ ಬದಿಗೆ ಉದ್ಧರಣ ಚಿಹ್ನೆ ಇರಬೇಕು. ಇರುವುದಿಲ್ಲ. ಆ ಜಾಗದಲ್ಲಿ ಒಂದು ಆಂಪರ್ಸೆಂಡ್, ಪಕ್ಕದಲ್ಲಿ ಹ್ಯಾಷ್, ಅದರ ಪಕ್ಕ 39 ಎಂಬ ಸಂಖ್ಯೆ, ಕೊನೆಗೊಂದು ಸೆಮಿಕೋಲನ್. ಮಾತು ಮುಗಿದ ಮೇಲೆ ಮತ್ತೆ ಅದೇ ನಾಲ್ಕು. ಮೊಬೈಲ್ ಹಳೆಯದಾಯಿತು ಎಂದು ಕೆಲವರು ಬಗೆಯುತ್ತಾರೆ. ವೈರಸ್ ಹೊಕ್ಕಿದೆ ಎನ್ನುವವರೂ ಉಂಟು. ಎರಡೂ ಅಲ್ಲ. ಅದು ಒಂದು ಚಿಹ್ನೆಯ ಗುಪ್ತನಾಮ. ಪರದೆಯ ಹಿಂದೆ ಉಳಿಯಬೇಕಾಗಿದ್ದ ಹೆಸರು ಮುಂದೆ ಬಂದು ನಿಂತಿದೆ, ಅಷ್ಟೆ.

ಆಂಪರ್ಸೆಂಡ್ ಎಂದರೆ ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಅಂಗಡಿಯ ಬೋರ್ಡಿನಲ್ಲಿ ‘ಆಂಡ್ ಸನ್ಸ್’, ‘ಆಂಡ್ ಬ್ರದರ್ಸ್’ ಎಂದು ಬರೆಸುತ್ತಾರಲ್ಲ, ಅಲ್ಲಿ ‘ಆಂಡ್’ ಪದದ ಬದಲಿಗೆ ಹಾಕುವ, ಇಂಗ್ಲಿಷಿನ ಎಂಟರಂತೆ ಸುತ್ತಿಕೊಂಡು ಬಾಲ ಚಾಚಿದ ಚಿಹ್ನೆ ಅದು. ಇಂದಿನ ಮಾತಿನಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಬಾನುಲಿಯಲ್ಲಿ ಚಿಹ್ನೆಗಳನ್ನು ತೋರಿಸುವ ಹಾಗಿಲ್ಲ. ಹೆಸರು ಹೇಳಿಯೇ ಕೆಲಸ ಸಾಗಬೇಕು. ಜಾಲಪುಟವೂ ಕೆಲವು ಚಿಹ್ನೆಗಳ ವಿಷಯದಲ್ಲಿ ಇದನ್ನೇ ಮಾಡುತ್ತದೆ. ಯಾಕೆ ಮಾಡುತ್ತದೆ, ಎಲ್ಲಿ ಎಡವುತ್ತದೆ, ನಮ್ಮ ಕನ್ನಡಕ್ಕೂ ಇದಕ್ಕೂ ಏನು ಸಂಬಂಧ, ಇದೇ ಇಂದಿನ ವಿಷಯ.

ಜಾಲಪುಟವನ್ನು ಬರೆಯುವುದು ಎಚ್‌ಟಿಎಂಎಲ್ ಎಂಬ ಕ್ರಮದಲ್ಲಿ. ಇದರಲ್ಲಿ ಎರಡು ಬಗೆಯ ಬರವಣಿಗೆ ಒಟ್ಟಿಗೇ ಇರುತ್ತದೆ. ಒಂದು, ಓದುಗರಿಗಾಗಿ ಬರೆದ ಮಾತು. ಇನ್ನೊಂದು, ಬ್ರೌಸರಿಗೆ ಕೊಟ್ಟ ಆಜ್ಞೆ. ಇದನ್ನು ದಪ್ಪಕ್ಷರದಲ್ಲಿ ತೋರಿಸು, ಇಲ್ಲಿ ಚಿತ್ರ ಹಾಕು, ಇಲ್ಲಿಗೆ ಪ್ಯಾರಾ ಮುಗಿಸು, ಹೀಗೆ. ತೊಡಕು ಏನೆಂದರೆ ಮಾತನ್ನೂ ಆಜ್ಞೆಯನ್ನೂ ಒಂದೇ ಕೀಲಿಮಣೆಯಿಂದ, ಒಂದೇ ಅಕ್ಷರಗಳಲ್ಲಿ, ಒಂದೇ ಸಾಲಿನಲ್ಲಿ ಬರೆಯಬೇಕು. ಬೇರೆ ಬಣ್ಣದ ಶಾಯಿ ಇಲ್ಲ.

ಶಾಲೆಯ ಉಕ್ತಲೇಖನವನ್ನು ನೆನಪಿಸಿಕೊಳ್ಳಿ. ಮೇಷ್ಟ್ರು ವಾಕ್ಯ ಹೇಳುತ್ತಾರೆ, ಕೊನೆಯಲ್ಲಿ ‘ಪೂರ್ಣವಿರಾಮ’ ಎನ್ನುತ್ತಾರೆ. ಹುಡುಗ ಚುಕ್ಕಿ ಇಡಬೇಕು. ಹೊಸದಾಗಿ ಸೇರಿದ ಹುಡುಗ ‘ಪೂರ್ಣವಿರಾಮ’ ಎಂದು ಪದವನ್ನೇ ಬರೆದುಬಿಡುತ್ತಾನೆ. ಆದರೆ ಪಾಠವೇ ವ್ಯಾಕರಣದ್ದಾಗಿದ್ದರೆ? ‘ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮ ಹಾಕಬೇಕು’ ಎಂಬುದೇ ಬರೆಯಬೇಕಾದ ವಾಕ್ಯವಾದರೆ? ಆಗ ಚುಕ್ಕಿ ಇಟ್ಟ ಹುಡುಗ ತಪ್ಪು, ಪದ ಬರೆದವನು ಸರಿ. ಮನುಷ್ಯರು ಸಂದರ್ಭ ನೋಡಿ ನಿಭಾಯಿಸುತ್ತಾರೆ. ಬ್ರೌಸರಿಗೆ ಅದು ಆಗದು. ಅದಕ್ಕೆ ಬಿಡಿಸಿ ಹೇಳಬೇಕು.

ಎಚ್‌ಟಿಎಂಎಲ್ ಆಜ್ಞೆಗೆ ಟ್ಯಾಗ್ ಎನ್ನುತ್ತಾರೆ. ಟ್ಯಾಗ್ ಶುರುವಾಗುವುದು ಗಣಿತದ ‘ಇದಕ್ಕಿಂತ ಚಿಕ್ಕದು’ ಚಿಹ್ನೆಯಿಂದ. ಮೊನೆ ಎಡಕ್ಕೆ, ಬಾಯಿ ಬಲಕ್ಕೆ ಇರುವ ಚಿಹ್ನೆ. ಮುಗಿಯುವುದು ‘ಇದಕ್ಕಿಂತ ದೊಡ್ಡದು’ ಚಿಹ್ನೆಯಿಂದ. ನಡುವೆ ಆಜ್ಞೆಯ ಹೆಸರು. ದಪ್ಪಕ್ಷರ ಬೇಕಾದರೆ ನಡುವೆ ಬಿ ಎಂಬ ಒಂದೇ ಇಂಗ್ಲಿಷ್ ಅಕ್ಷರ.

ಈಗ ಒಬ್ಬ ಗಣಿತದ ಮೇಷ್ಟ್ರು ತಮ್ಮ ಪಾಠವನ್ನು ಜಾಲಪುಟಕ್ಕೆ ಹಾಕುತ್ತಾರೆ ಎನ್ನಿ. ‘ಎ ಚಿಕ್ಕದು ಬಿ ಮತ್ತು ಸಿ ದೊಡ್ಡದು ಡಿ’ ಎಂದು ಚಿಹ್ನೆಗಳಲ್ಲಿ ಬರೆಯುತ್ತಾರೆ. ಎ ಮತ್ತು ಬಿ ನಡುವೆ ಜಾಗ ಬಿಡುವುದಿಲ್ಲ. ಬ್ರೌಸರ್ ಓದುತ್ತಾ ಬರುತ್ತದೆ. ಎ ಸಿಕ್ಕಿತು, ಅಕ್ಷರ, ಸರಿ. ‘ಚಿಕ್ಕದು’ ಚಿಹ್ನೆ ಸಿಕ್ಕಿತು, ಅದಕ್ಕೆ ಅಂಟಿಕೊಂಡೇ ಬಿ ಇದೆ. ಓಹೋ, ದಪ್ಪಕ್ಷರದ ಆಜ್ಞೆ! ಅಲ್ಲಿಂದ ಮುಂದೆ ‘ದೊಡ್ಡದು’ ಚಿಹ್ನೆಯವರೆಗೆ ಬಂದದ್ದೆಲ್ಲ ಆಜ್ಞೆಯ ಹೊಟ್ಟೆಗೆ. ‘ಮತ್ತು’ ಎಂಬ ಕನ್ನಡ ಪದವೂ ಅದರಲ್ಲೇ ಮಾಯ. ಉಳಿದದ್ದು ಡಿ. ಪರದೆಯ ಮೇಲೆ ಕಾಣುವುದು ಎ, ಅದರ ಪಕ್ಕ ದಪ್ಪ ಡಿ. ಮೇಷ್ಟ್ರ ಪ್ರಮೇಯ ‘ಎಡಿ’ ಆಗಿ ಮುಗಿಯಿತು. ಅಲ್ಲಿಂದ ಪಾಠದ ಕೊನೆಯವರೆಗೂ ದಪ್ಪಕ್ಷರವೇ.

ಒಂದು ತಮಾಷೆ ಕೇಳಿ. ‘ಚಿಕ್ಕದು’ ಚಿಹ್ನೆಗೆ ಅಂಟಿಕೊಂಡು ಇಂಗ್ಲಿಷ್ ಅಕ್ಷರದ ಬದಲು ಕನ್ನಡ ಅಕ್ಷರ ಬಂದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ಎಣಿಸುವುದೇ ಇಲ್ಲ. ಇದ್ದ ಹಾಗೆ ತೋರಿಸಿಬಿಡುತ್ತದೆ. ಆಜ್ಞೆಯ ಹೆಸರು ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕು ಎಂಬುದು ನಿಯಮ. ಮೇಷ್ಟ್ರು ಬೀಜಗಣಿತವನ್ನು ಅ, ಬ, ಕ ಎಂದು ಬರೆದಿದ್ದರೆ ಪಾರಾಗುತ್ತಿದ್ದರು.

ಹಾಗಾದರೆ ಇಂಗ್ಲಿಷ್ ಅಕ್ಷರ ಬಳಸುವವರು ಏನು ಮಾಡಬೇಕು? ಚಿಹ್ನೆಯನ್ನು ಬರೆಯದೆ ಅದರ ಹೆಸರನ್ನು ಬರೆಯಬೇಕು. ‘ಲೆಸ್ ದ್ಯಾನ್’ ಎಂಬುದರ ಮೊದಲಕ್ಷರಗಳಾದ ಎಲ್ ಮತ್ತು ಟಿ. ಆದರೆ ಬರೀ ಎಲ್, ಟಿ ಎಂದರೆ ಅದೂ ಮಾತೇ ಆಗಿಬಿಡುತ್ತದೆ. ಆದ್ದರಿಂದ ಮುಂದೆ ಒಂದು ಆಂಪರ್ಸೆಂಡ್, ಹಿಂದೆ ಒಂದು ಸೆಮಿಕೋಲನ್. ಆಂಪರ್ಸೆಂಡ್ ಕಂಡರೆ ‘ಇಲ್ಲಿಂದ ಒಂದು ಹೆಸರು ಶುರು’ ಎಂದು ಅರ್ಥ. ಸೆಮಿಕೋಲನ್ ಕಂಡರೆ ‘ಹೆಸರು ಮುಗಿಯಿತು’. ಬ್ರೌಸರ್ ಆ ಹೆಸರನ್ನು ಓದಿಕೊಂಡು ಪರದೆಯ ಮೇಲೆ ಚಿಹ್ನೆಯನ್ನು ಇಡುತ್ತದೆ. ಆಜ್ಞೆ ಎಂದು ಎಣಿಸುವುದಿಲ್ಲ.

ಆದರೆ ಆಂಪರ್ಸೆಂಡಿಗೇ ಈ ಕೆಲಸ ಕೊಟ್ಟ ಮೇಲೆ ನಿಜವಾದ ಆಂಪರ್ಸೆಂಡ್ ಬೇಕಾದಾಗ ಏನು ಮಾಡುವುದು? ಅದಕ್ಕೂ ಒಂದು ಹೆಸರು: ಎ, ಎಂ, ಪಿ, ‘ಆಂಪ್’. ಆಂಪರ್ಸೆಂಡ್, ಆಂಪ್, ಸೆಮಿಕೋಲನ್ ಎಂದು ಬರೆದರೆ ಒಂದು ಆಂಪರ್ಸೆಂಡ್ ಕಾಣುತ್ತದೆ.

ಈ ಪದ್ಧತಿ ಜಾಲದ ಜೊತೆಗೇ ಹುಟ್ಟಿದ್ದಲ್ಲ. ದಾಖಲೆಗಳನ್ನು ಗುರುತು ಹಾಕಿ ಬರೆಯುವ ಎಸ್‌ಜಿಎಂಎಲ್ ಎಂಬ ಕ್ರಮ 1986ರಲ್ಲೇ ಅಂತರರಾಷ್ಟ್ರೀಯ ಮಾನಕವಾಗಿತ್ತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಜಾಲವನ್ನು ಕಟ್ಟುವಾಗ ಅದರಿಂದ ಎರವಲು ತಂದರು. 1991ರ ಹೊತ್ತಿಗೆ ಅವರ ಪಟ್ಟಿಯಲ್ಲಿದ್ದ ಟ್ಯಾಗ್‌ಗಳು ಇಪ್ಪತ್ತರೊಳಗೆ. ಹೆಸರಿಡುವ ಪದ್ಧತಿಯೂ ಅದೇ ಎರವಲಿನ ಭಾಗ.

ಇಷ್ಟರವರೆಗೆ ಹೇಳಿದ್ದು ಇದು: ಮಾತು ಮತ್ತು ಆಜ್ಞೆ ಬೆರೆಯದಿರಲಿ ಎಂದು ಕೆಲವು ಚಿಹ್ನೆಗಳನ್ನು ಹೆಸರಿನಿಂದ ಬರೆಯುತ್ತಾರೆ. ಈಗ ಹೆಸರಿಗೆ ಇನ್ನೊಂದು ಕಾರಣ ಹೇಳುತ್ತೇನೆ. ಅದು ಗಣಕದ ಅಕ್ಷರಪಟ್ಟಿಯ ಬಡತನ.

1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತ ಪಟ್ಟಿ ಬಂತು. ಅದರಲ್ಲಿ 128 ಸ್ಥಾನಗಳು. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು ಅದರಲ್ಲಿ ಹಿಡಿಸಿದವು. ಫ್ರೆಂಚರ ಗೀಟು ಹೊತ್ತ ಅಕ್ಷರಗಳಿಗೆ ಜಾಗವಿಲ್ಲ. ಜರ್ಮನ್ನರ ಎರಡು ಚುಕ್ಕಿಯ ಅಕ್ಷರಗಳಿಗೂ ಇಲ್ಲ. ಆಮೇಲೆ ಪಟ್ಟಿಯನ್ನು 256ಕ್ಕೆ ಬೆಳೆಸಿ ಪಶ್ಚಿಮ ಯುರೋಪಿನ ಭಾಷೆಗಳನ್ನು ಸೇರಿಸಿದರು. ಆದರೂ ಆ ಮೇಲರ್ಧದ ಅಕ್ಷರಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಕೆಡುತ್ತಿದ್ದವು. ಆಗ ಹೆಸರೇ ಸುರಕ್ಷಿತ. ಹೆಸರಿನಲ್ಲಿರುವುದೆಲ್ಲ ಸಾದಾ ಇಂಗ್ಲಿಷ್ ಅಕ್ಷರ. ಎಲ್ಲಿಗೆ ಹೋದರೂ ಕೆಡುವುದಿಲ್ಲ. ಹೀಗೆ ಪೌಂಡಿಗೆ ಹೆಸರು ಬಂತು, ಯೆನ್‌ಗೆ ಬಂತು, ಕಾಪಿರೈಟ್ ಚಿಹ್ನೆಗೆ ‘ಕಾಪಿ’ ಎಂಬ ಹೆಸರು ಬಂತು. 1997ರ ಕೊನೆಯಲ್ಲಿ ಬಂದ ಎಚ್‌ಟಿಎಂಎಲ್ ನಾಲ್ಕರಲ್ಲಿ ಇಂಥ ಹೆಸರುಗಳು ಸುಮಾರು 250. ಇಂದಿನ ಪಟ್ಟಿಯಲ್ಲಿ 2,200ಕ್ಕೂ ಹೆಚ್ಚು. ಗ್ರೀಕ್ ಅಕ್ಷರಗಳಿವೆ, ರಷ್ಯನ್ ಅಕ್ಷರಗಳಿವೆ, ಗಣಿತದ ಬಾಣಗಳಿವೆ. ಕನ್ನಡದ ಒಂದೇ ಒಂದು ಅಕ್ಷರಕ್ಕೆ ಹೆಸರಿಲ್ಲ. ಭಾರತದ ಬೇರೆ ಲಿಪಿಗಳಿಗೂ ಇಲ್ಲ.

ಹೆಸರಿಲ್ಲದವರಿಗೆ ಸಂಖ್ಯೆ ಇದೆ. ಆಂಪರ್ಸೆಂಡ್ ಆದ ಮೇಲೆ ಹ್ಯಾಷ್ ಚಿಹ್ನೆ ಹಾಕಿ ಅಕ್ಷರದ ಕ್ರಮಸಂಖ್ಯೆ ಬರೆದರೆ ಆಯಿತು. ಆ ಸಂಖ್ಯೆಗಳು ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಿಂದ ಬರುತ್ತವೆ. ಯೂನಿಕೋಡಿನ ಮೊದಲ ಆವೃತ್ತಿ 1991ರದು. ಕನ್ನಡ ಅದರಲ್ಲೇ ಇತ್ತು. ನಮ್ಮ ಲಿಪಿಗೆ ಅಲ್ಲಿ 128 ಸ್ಥಾನಗಳ ಒಂದು ಕೇರಿ. ಅ ಅಕ್ಷರದ ಸಂಖ್ಯೆ 3205. ಕ ಅಕ್ಷರದ್ದು 3221. ಸಾದಾ ಒಂಟಿ ಉದ್ಧರಣ ಚಿಹ್ನೆಯ ಸಂಖ್ಯೆ 39. ಆ ಮಂತ್ರಿಗಳ ತಲೆಬರಹದಲ್ಲಿ ಕಂಡದ್ದು ಇದೇ 39.

ಸರಿ, ಅದು ಪರದೆಯ ಮೇಲೆ ಹೇಗೆ ಬಂತು? ಹೆಸರನ್ನು ಎರಡು ಸಲ ಹಾಕಿದ್ದರಿಂದ. ಪತ್ರಿಕೆಯ ತಂತ್ರಾಂಶ ಉದ್ಧರಣ ಚಿಹ್ನೆಯನ್ನು ಸುರಕ್ಷಿತಗೊಳಿಸಿ ಸಂಖ್ಯೆಯಾಗಿ ಬರೆಯಿತು. ಆ ಬರಹ ಸುದ್ದಿ ಹಂಚುವ ಇನ್ನೊಂದು ತಂತ್ರಾಂಶಕ್ಕೆ ಹೋಯಿತು. ಅದು ಇನ್ನೂ ಜಾಗರೂಕ. ಅದಕ್ಕೆ ಕಂಡದ್ದು ಒಂದು ಆಂಪರ್ಸೆಂಡ್. ಅಪಾಯ ಎಂದುಕೊಂಡು ಅದನ್ನೂ ‘ಆಂಪ್’ ಮಾಡಿತು. ಕೊನೆಯಲ್ಲಿ ಬಿಚ್ಚುವವರು ಒಂದೇ ಸಲ ಬಿಚ್ಚಿದರು. ಒಳಗಿನ ಗಂಟು ಹಾಗೇ ಉಳಿಯಿತು. ಮೂರು ಕೈ ದಾಟಿದ ಬರಹದಲ್ಲಿ ಆಂಪ್, ಆಂಪ್ ಎಂದು ಎರಡೆರಡು ಸಲ ಸಾಲಾಗಿ ನಿಂತಿರುವುದನ್ನೂ ನೀವು ಕಾಣಬಹುದು. ನನ್ನ ಅಭಿಪ್ರಾಯ ಇದು: ಬರಹವನ್ನು ಕಡತದಲ್ಲಿ ಇಡುವಾಗ ಬರಹವಾಗಿಯೇ ಇಡಬೇಕು. ಪುಟಕ್ಕೆ ಹಾಕುವ ಕೊನೆಯ ಘಳಿಗೆಯಲ್ಲಿ, ಒಂದೇ ಕಡೆ, ಒಂದೇ ಸಲ ಹೆಸರಿಗೆ ಬದಲಿಸಬೇಕು. ಎಲ್ಲರೂ ಜವಾಬ್ದಾರಿ ಹೊತ್ತರೆ ಏನಾಗುತ್ತದೆ ಎಂದು ಮೊಬೈಲಿನಲ್ಲಿ ದಿನವೂ ನೋಡುತ್ತಿದ್ದೇವೆ.

ಇದು ಹೆಚ್ಚಾದರೆ ಆಗುವ ತೊಂದರೆ. ಕಡಿಮೆಯಾದರೆ? ಕಣ್ಣಿಗೆ ಅಸಹ್ಯವಾಗುವುದಷ್ಟೇ ಅಲ್ಲ, ಮನೆಗೆ ಕಳ್ಳ ನುಗ್ಗುತ್ತಾನೆ.

2005ರ ಅಕ್ಟೋಬರ್. ಆಗ ಅಮೆರಿಕದಲ್ಲಿ ಮೈಸ್ಪೇಸ್ ಎಂಬ ಜಾಲತಾಣ ಬಹಳ ಜನಪ್ರಿಯ. ಬಳಕೆದಾರರು ತಮ್ಮ ಪರಿಚಯದ ಪುಟವನ್ನು ಬೇಕಾದ ಹಾಗೆ ಅಲಂಕರಿಸಬಹುದಿತ್ತು. ಕೆಲವು ಟ್ಯಾಗ್‌ಗಳಿಗೆ ಅನುಮತಿ ಇತ್ತು. ಅಪಾಯದ ಪದಗಳನ್ನು ತಂತ್ರಾಂಶ ಹುಡುಕಿ ತೆಗೆಯುತ್ತಿತ್ತು. ಸ್ಯಾಮಿ ಕಮ್ಕಾರ್ ಎಂಬ ತರುಣ ಆ ಸೋಸುವಿಕೆಯಲ್ಲಿ ಸಂದು ಹುಡುಕಿದ. ಬ್ರೌಸರಿನಿಂದ ಕೆಲಸ ಮಾಡಿಸುವ ಆಜ್ಞೆಗಳ ಭಾಷೆ ಜಾವಾಸ್ಕ್ರಿಪ್ಟ್. ಆ ಪದ ನಿಷಿದ್ಧ. ಅವನು ಅದನ್ನು ನಡುವೆ ಮುರಿದು ಎರಡು ಸಾಲಿನಲ್ಲಿ ಬರೆದ. ಸೋಸುವ ತಂತ್ರಾಂಶಕ್ಕೆ ಅದು ಬೇರೆ ಪದ. ಕೆಲವು ಬ್ರೌಸರ್‌ಗಳು ಮಾತ್ರ ಎರಡನ್ನೂ ಕೂಡಿಸಿಕೊಂಡು ಆಜ್ಞೆ ಎಂದೇ ನಡೆಸಿಕೊಟ್ಟವು. ಅವನ ಪುಟ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆ ಅವನ ಗೆಳೆಯರಾದರು. ಅವರ ಪುಟಕ್ಕೂ ಆ ಆಜ್ಞೆ ಅಂಟಿಕೊಂಡಿತು. ಇಪ್ಪತ್ತು ಗಂಟೆಯೊಳಗೆ ಗೆಳೆಯರ ಸಂಖ್ಯೆ ಹತ್ತು ಲಕ್ಷ ದಾಟಿತು. ಮೈಸ್ಪೇಸ್ ಬಾಗಿಲು ಹಾಕಿಕೊಂಡು ಸರಿಪಡಿಸಬೇಕಾಯಿತು.

ಕೆಟ್ಟ ಪದಗಳ ಪಟ್ಟಿ ಇಟ್ಟುಕೊಂಡು ಕಾಯುವವನು ಒಂದಲ್ಲ ಒಂದು ದಿನ ಸೋಲುತ್ತಾನೆ. ಹೊರಗಿನವರು ಬರೆದದ್ದರಲ್ಲಿ ‘ಚಿಕ್ಕದು’ ಚಿಹ್ನೆ, ಆಂಪರ್ಸೆಂಡ್, ಉದ್ಧರಣ ಚಿಹ್ನೆ ಎಲ್ಲಿ ಬಂದರೂ ಹೆಸರಿಗೆ ಬದಲಿಸಿಬಿಟ್ಟರೆ ಅದು ಆಜ್ಞೆಯಾಗುವ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಅವರು ಬರೆದದ್ದು ಮಾತು, ಮಾತಾಗಿಯೇ ಕಾಣಲಿ. ಇಷ್ಟು ಸಣ್ಣ ಕೆಲಸ. ಇದನ್ನು ಮರೆತ ಪುಟಗಳು ಇಂದಿಗೂ ಸಿಗುತ್ತವೆ.

ಸೆಮಿಕೋಲನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೆಸರಿನ ಕೊನೆಗೆ ಸೆಮಿಕೋಲನ್ ಬೇಕು ಎಂದೆ. ಹಳೆಯ ನೂರು ಚಿಲ್ಲರೆ ಹೆಸರುಗಳಿಗೆ ಅದಿಲ್ಲದಿದ್ದರೂ ಬ್ರೌಸರ್ ಕ್ಷಮಿಸುತ್ತದೆ. ಈ ಕ್ಷಮೆಯೇ ಕಾಟ. ಜಾಲವಿಳಾಸಗಳಲ್ಲಿ ವಿವರಗಳನ್ನು ಜೋಡಿಸುವುದೂ ಆಂಪರ್ಸೆಂಡಿನಿಂದಲೇ. ಎಷ್ಟು ಪ್ರತಿ ಬೇಕು ಎಂಬುದಕ್ಕೆ ಯಾರೋ ‘ಕಾಪಿ’ ಎಂದು ಹೆಸರಿಟ್ಟಿದ್ದರೆ, ಆಂಪರ್ಸೆಂಡ್ ಪಕ್ಕ ಕಾಪಿ ಬಂತು. ಅದನ್ನು ಪುಟದಲ್ಲಿ ಬರೆದರೆ ವಿಳಾಸದ ನಡುವೆ ಕಾಪಿರೈಟ್ ಚಿಹ್ನೆ ಮೂಡುತ್ತಿತ್ತು. ಕೊಂಡಿ ಸತ್ತುಹೋಗುತ್ತಿತ್ತು. ಕೊಂಡಿಯ ಒಳಗೆ ಹೀಗೆ ಬದಲಿಸಕೂಡದು ಎಂದು ಆಮೇಲೆ ನಿಯಮ ಮಾಡಿದರು.

ಈವರೆಗೆ ಹೆಸರು ಏಕೆ, ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂದು ನೋಡಿದೆವು. ಇನ್ನು ಕನ್ನಡಕ್ಕೆ ಬರೋಣ.

ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡ ಇತ್ತು ಎಂದೆ. ಆದರೆ ಪಟ್ಟಿಯಲ್ಲಿ ಇರುವುದು ಬೇರೆ, ನಮ್ಮ ಮೇಜಿನ ಮೇಲಿನ ಗಣಕದಲ್ಲಿ ಮೂಡುವುದು ಬೇರೆ. ವಿಂಡೋಸ್‌ನಲ್ಲಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಬಂದದ್ದು 2001ರಲ್ಲಿ, ಎಕ್ಸ್‌ಪಿ ಜೊತೆಗೆ. ಅಲ್ಲಿಯವರೆಗೆ ಮತ್ತು ಅದಾದ ಮೇಲೂ ಬಹಳ ವರ್ಷ ಕನ್ನಡಿಗರು ಒಂದು ಉಪಾಯದಲ್ಲಿ ಬದುಕಿದರು. ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು. ಗಣಕದ ಮಟ್ಟಿಗೆ ಅದು ಇಂಗ್ಲಿಷ್, ಫ್ರೆಂಚ್. ಕಣ್ಣಿಗೆ ಮಾತ್ರ ಕನ್ನಡ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಅದರ ಒಡಲು ಹೀಗಿತ್ತು. ಇಂಗ್ಲಿಷಿನ ದೊಡ್ಡ ಪಿ. ತಲೆಯ ಮೇಲೆ ಗೀಟಿರುವ ದೊಡ್ಡ ಎ. ಪೌಂಡ್ ಚಿಹ್ನೆ. ಮತ್ತೆ ಗೀಟಿನ ಎ. ಜರ್ಮನ್ನರು ಎರಡು ಎಸ್‌ಗಳ ಬದಲು ಬರೆಯುವ ಒಂದು ಅಕ್ಷರ. ಸಣ್ಣ ಕ್ಯೂ. ಮತ್ತೆ ಗೀಟಿನ ಎ. ಪಿ ಎಂಬುದು ಕಕಾರದ ಮೈ. ಗೀಟಿನ ಎ ಅದಕ್ಕೆ ತಲೆಕಟ್ಟು. ನಕಾರ ಬ್ರಿಟನ್ನಿನ ಪೌಂಡಿನ ಮೇಲೆ ಕೂತಿತ್ತು. ನ ಒತ್ತು ಜರ್ಮನ್ ಅಕ್ಷರದ ಮೇಲೆ. ಇಂಥ ಬರಹವನ್ನು ಜಾಲಪುಟವಾಗಿ ಉಳಿಸಿದಾಗ ಕೆಲವು ತಂತ್ರಾಂಶಗಳು ತಮ್ಮ ಪಾಡಿಗೆ ಹೆಸರುಗಳನ್ನು ಬರೆದವು. ಆಂಪರ್ಸೆಂಡ್, ಪೌಂಡ್, ಸೆಮಿಕೋಲನ್. ಅಂದರೆ ಹಳೆಯ ಕನ್ನಡ ಪುಟವೊಂದರ ಒಳಗನ್ನು ತೆರೆದು ನೋಡಿದರೆ ಪ್ರತಿ ನಕಾರದ ಜಾಗದಲ್ಲೂ ಲಂಡನ್ನಿನ ದುಡ್ಡು! ಫಾಂಟ್ ಇಲ್ಲದ ಗಣಕದಲ್ಲಿ ಆ ಪುಟ ತೆರೆದರೆ ಕಾಣುವುದೂ ಅದೇ. ಹುಡುಕುವ ಯಂತ್ರಕ್ಕೆ ಅದು ಕನ್ನಡ ಎಂದು ತಿಳಿಯುವ ಬಗೆಯೇ ಇರಲಿಲ್ಲ.

ಆ ಫಾಂಟುಗಳನ್ನು ಹಳಿಯುವುದು ನನಗೆ ಇಷ್ಟವಿಲ್ಲ. ಬೇರೆ ದಾರಿಯೇ ಇಲ್ಲದಾಗ ಕನ್ನಡದ ಕಚೇರಿ, ಪತ್ರಿಕೆ, ಪುಸ್ತಕ ಎಲ್ಲವನ್ನೂ ನಡೆಸಿದ್ದು ಅವೇ. ದಾರಿ ಸಿಕ್ಕಿದ ಮೇಲೂ ಅಲ್ಲೇ ನಿಂತವರ ಬಗ್ಗೆ ಮಾತ್ರ ನನ್ನ ತಕರಾರು.

ಅದೇ ಉಪಾಯ 2010ರಲ್ಲಿ ಇನ್ನೊಮ್ಮೆ ನಡೆಯಿತು. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ರೂಪಾಯಿಗೆ ಹೊಸ ಚಿಹ್ನೆ ಒಪ್ಪಿತು. ಡಿ. ಉದಯಕುಮಾರ್ ಅವರ ವಿನ್ಯಾಸ. ಎಲ್ಲರಿಗೂ ಅದನ್ನು ಟೈಪ್ ಮಾಡುವ ಆತುರ. ಯೂನಿಕೋಡಿನಲ್ಲಿ ಇನ್ನೂ ಸ್ಥಾನ ಸಿಕ್ಕಿರಲಿಲ್ಲ. ಮಂಗಳೂರಿನ ಒಂದು ಸಂಸ್ಥೆ ಕೆಲವೇ ದಿನಗಳಲ್ಲಿ ಒಂದು ಫಾಂಟ್ ಹೊರತಂದಿತು. ಕೀಲಿಮಣೆಯ ಎಡ ಮೂಲೆಯಲ್ಲಿ, ಟ್ಯಾಬ್ ಕೀಲಿಯ ಮೇಲೆ, ಎಡಕ್ಕೆ ವಾಲಿದ ಒಂಟಿ ಗೀಟಿನ ಕೀಲಿ ಇದೆಯಲ್ಲ, ಅದನ್ನು ಒತ್ತಿದರೆ ರೂಪಾಯಿ. ಜನ ಸಂಭ್ರಮದಿಂದ ಬಳಸಿದರು. ಆ ಫಾಂಟ್ ಇಲ್ಲದ ಕಡೆ ಕಡತ ತೆರೆದರೆ ರೂಪಾಯಿ ಇಲ್ಲ, ಗೀಟು ಇದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್ ಆ ಚಿಹ್ನೆಗೆ ಸ್ವಂತ ಸ್ಥಾನ ಕೊಟ್ಟಿತು. ಸಂಖ್ಯೆ 8377. ಪೌಂಡಿಗೆ, ಯೆನ್‌ಗೆ, ಯೂರೋಗೆ ಹೆಸರಿದೆ. ರೂಪಾಯಿಗೆ ಇವತ್ತಿಗೂ ಹೆಸರಿಲ್ಲ, ಸಂಖ್ಯೆಯೇ ಗತಿ. ಅದೇನು ಅವಮಾನವಲ್ಲ. ಆಜ್ಞೆಯೊಂದಿಗೆ ಬೆರೆಯಬಹುದಾದ ಆ ಕೆಲವನ್ನು ಬಿಟ್ಟರೆ ಈಗ ಯಾವ ಚಿಹ್ನೆಗೂ ಹೆಸರಿನ ಹಂಗಿಲ್ಲ. ನೇರವಾಗಿ ಬರೆದರೆ ಸಾಕು.

ಯಾಕೆ ಸಾಕು ಎಂಬುದಕ್ಕೆ ಒಂದು ಊಟದ ಕಥೆ ಹೇಳಬೇಕು. 1992ರ ಸೆಪ್ಟೆಂಬರ್. ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲು. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟಕ್ಕೆ ಕೂತಿದ್ದರು. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಯೂನಿಕೋಡಿನ ಸಂಖ್ಯೆಗಳನ್ನು ಗಣಕದ ಕಡತದಲ್ಲಿ ಬೈಟುಗಳಾಗಿ ಇಡುವ ಒಂದು ಕ್ರಮವನ್ನು ಗೀಚಿದರು. ಅದೇ ಯುಟಿಎಫ್-8. ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ ಒಂದೇ ಬೈಟ್. ಬೇರೆ ಲಿಪಿಗಳಿಗೆ ಎರಡು, ಮೂರು, ನಾಲ್ಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮೀರಿ ಇದನ್ನೇ ಬಳಸುತ್ತವೆ.

‘ಕನ್ನಡ’ ಪದದಲ್ಲಿ ಐದು ಸಂಕೇತಗಳು: ಕ, ನ, ಒಂದು ಹಲಂತ, ಮತ್ತೆ ನ, ಡ. ನೇರವಾಗಿ ಬರೆದರೆ 15 ಬೈಟ್. ಸಂಖ್ಯೆಗಳ ರೂಪದಲ್ಲಿ ಬರೆದರೆ 35. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಆದರೆ ಮುಂದೆ ಆ ಪುಟವನ್ನು ತಿದ್ದುವವರ ಗತಿ ಯೋಚಿಸಿ. 3221, 3240, 3277 ಎಂದು ಓದಿಕೊಂಡು ಕಾಗುಣಿತ ತಿದ್ದುವುದುಂಟೇ? ಆದ್ದರಿಂದ ಕನ್ನಡವನ್ನು ಕನ್ನಡವಾಗಿಯೇ ಬರೆಯಬೇಕು. ಪುಟದ ತಲೆಯಲ್ಲಿ, ಮೊದಲ ಸಾವಿರ ಚಿಲ್ಲರೆ ಬೈಟುಗಳೊಳಗೆ, ‘ಇದು ಯುಟಿಎಫ್-8’ ಎಂದು ಒಂದು ಸಾಲು ಹೇಳಬೇಕು.

ಆ ಸಾಲನ್ನು ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಒಂದು ಗುರುತು ಹೇಳಿಕೊಡುತ್ತೇನೆ. ಬ್ರೌಸರ್ ಪುಟವನ್ನು ಯುರೋಪಿನ ಹಳೆಯ ಪಟ್ಟಿಯಲ್ಲಿ ಓದಿಬಿಟ್ಟರೆ, ಒಂದೊಂದು ಕನ್ನಡ ಅಕ್ಷರವೂ ಮೂರು ತುಂಡಾಗುತ್ತದೆ. ಮೊದಲ ತುಂಡು ಯಾವಾಗಲೂ ಗೀಟಿರುವ ಸಣ್ಣ ಎ. ಎರಡನೆಯದು ಮೇಲಕ್ಕೇರಿದ ಪುಟ್ಟ 2, ಇಲ್ಲವೇ ಪುಟ್ಟ 3. ಸ್ವರ ವ್ಯಂಜನಗಳಿಗೆ 2, ಹೆಚ್ಚಿನ ಕಾಗುಣಿತ ಚಿಹ್ನೆಗಳಿಗೆ 3. ಪುಟದ ತುಂಬ ಸಣ್ಣ ಎ, ಪುಟ್ಟ 2, ಪುಟ್ಟ 3 ಕಂಡರೆ ಗಾಬರಿ ಬೇಡ. ಒಳಗಿನ ಕನ್ನಡ ಕ್ಷೇಮವಾಗಿದೆ, ಓದುವ ಕ್ರಮ ತಪ್ಪಿದೆ. ಗೀಟಿನ ದೊಡ್ಡ ಎ ಕಂಡರೆ ಅದು ಹಳೆಯ ಫಾಂಟಿನ ಬರಹ, ಪರಿವರ್ತಕ ಬೇಕು. ಬರೀ ಚೌಕಗಳು ಕಂಡರೆ ನಿಮ್ಮಲ್ಲಿ ಫಾಂಟ್ ಇಲ್ಲ. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಮರುಗಬೇಕು. ದಾರಿಯಲ್ಲಿ ಯಾರೋ ಅಕ್ಷರಗಳನ್ನು ಎಸೆದು ಪ್ರಶ್ನೆಗಳನ್ನು ತುಂಬಿಸಿದ್ದಾರೆ. ಮೂಲ ಪ್ರತಿ ಸಿಗದ ಹೊರತು ಅದು ವಾಪಸು ಬಾರದು.

ಕಾಣುವ ಅಕ್ಷರಗಳ ಮಾತು ಇಷ್ಟಾಯಿತು. ಆಜ್ಞೆಯ ಕೆಲವು ಚಿಹ್ನೆಗಳನ್ನು ಬಿಟ್ಟರೆ ಅವಕ್ಕೆ ಹೆಸರು ಬೇಡ, ನೇರ ಬರೆಯಬಹುದು. ಇನ್ನು ಕಾಣದ ಅಕ್ಷರಗಳ ಬಗ್ಗೆ. ಕನ್ನಡ ಬರೆಯುವವರಿಗೆ ಆ ದೊಡ್ಡ ಪಟ್ಟಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಹೆಸರುಗಳು ಕಣ್ಣಿಗೆ ಕಾಣದವುಗಳದ್ದೇ.

ಮೊದಲನೆಯದು ಸಾಲು ಮುರಿಯದ ಖಾಲಿ ಜಾಗ. ಸಂಖ್ಯೆ 160. ‘ದ. ರಾ.’ ಒಂದು ಸಾಲಿನ ಕೊನೆಯಲ್ಲಿ ಉಳಿದು ‘ಬೇಂದ್ರೆ’ ಕೆಳಗಿಳಿಯಬಾರದು ಎಂದಿದ್ದರೆ ನಡುವೆ ಇದನ್ನು ಇಡುತ್ತಾರೆ.

ಎರಡನೆಯದು ಅದಕ್ಕಿಂತ ಮುಖ್ಯ. ಕನ್ನಡದಲ್ಲಿ ಹಲಂತದ ಪಕ್ಕ ಇನ್ನೊಂದು ವ್ಯಂಜನ ಬಂದರೆ ಅದು ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಗಣಕಕ್ಕೆ ಕಲಿಸಿದ್ದೂ ಅದೇ. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತಿದ್ದಾಗ ಇದರಿಂದ ತೊಂದರೆ ಇರಲಿಲ್ಲ. ಇಂಗ್ಲಿಷಿನ ಪದಗಳು ಬಂದವು. ಬಸ್, ಬ್ಯಾಂಕ್, ಫೋನ್. ನಾವು ಸುಮ್ಮನೆ ಬಿಟ್ಟೆವೇ? ವಿಭಕ್ತಿ ಹಚ್ಚಿದೆವು. ಬಸ್‌ನಲ್ಲಿ, ಬ್ಯಾಂಕ್‌ಗೆ. ಗಣಕ ತನ್ನ ಪಾಠ ಒಪ್ಪಿಸಿತು. ಸಕಾರದ ಕಾಲ ಕೆಳಗೆ ನಕಾರದ ಒತ್ತು. ‘ಬಸ್ನಲ್ಲಿ’. ಉಚ್ಚಾರದಲ್ಲಿ ಏನೂ ವ್ಯತ್ಯಾಸವಿಲ್ಲ, ನಾನು ಎರಡನ್ನೂ ಹೇಳಿದರೆ ನಿಮಗೆ ಒಂದೇ ಕೇಳುತ್ತದೆ. ಕಣ್ಣು ಮಾತ್ರ ಎಡವುತ್ತದೆ. ರಾಜ್‌ಕುಮಾರ್ ಹೆಸರಿನಲ್ಲಿ ಜಕಾರಕ್ಕೆ ಕ ಒತ್ತು ಬಂದು ‘ರಾಜ್ಕುಮಾರ್’ ಆದರೆ ಅಭಿಮಾನಿಗಳು ಒಪ್ಪುತ್ತಾರೆಯೇ? ಆಗ ಹಲಂತಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ ಒಂದು ಅಗಲವಿಲ್ಲದ, ಕಾಣದ ಅಕ್ಷರ ಇಡುತ್ತೇವೆ. ಕೂಡಬೇಡಿ ಎಂದು ಹೇಳುವುದೇ ಅದರ ಕೆಲಸ. ಸಂಖ್ಯೆ 8204. ಎಚ್‌ಟಿಎಂಎಲ್‌ನಲ್ಲಿ ಇದಕ್ಕೆ ಜೆಡ್, ಡಬ್ಲ್ಯೂ, ಎನ್, ಜೆ ಎಂಬ ನಾಲ್ಕಕ್ಷರದ ಹೆಸರು. ಪರ್ಷಿಯನ್ ಬರವಣಿಗೆಗೂ ಇದು ದಿನನಿತ್ಯದ ಅಗತ್ಯ.

ಮೂರನೆಯದು ಇದರ ಜೋಡಿ. ಸಂಖ್ಯೆ 8205. ಜೆಡ್, ಡಬ್ಲ್ಯೂ, ಜೆ. ‘ಸೂರ್ಯ’ ಬರೆಯುವಾಗ ಯಕಾರ ಬರೆದು ಪಕ್ಕದಲ್ಲಿ ಕನ್ನಡದ ಒಂಬತ್ತರಂಥ ಅರ್ಕಾವೊತ್ತು ಇಡುತ್ತೇವೆ. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ ಬರೆಯುವಾಗ ರಕಾರವೇ ಮೊದಲು, ಯ ಒತ್ತು ಕೆಳಗೆ. ಗಣಕದ ಒಳಗೆ ಎರಡರಲ್ಲೂ ಇರುವುದು ರ, ಹಲಂತ, ಯ. ಯಾವುದಕ್ಕೆ ಅರ್ಕಾವೊತ್ತು, ಯಾವುದಕ್ಕೆ ಬೇಡ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ರಕಾರದ ಪಕ್ಕದಲ್ಲೇ 8205 ಇಟ್ಟರೆ ‘ಇಲ್ಲಿ ಅರ್ಕಾವೊತ್ತು ಬೇಡ’ ಎಂದು ತಿಳಿಯುತ್ತದೆ. ನಮ್ಮ ಹುಡುಗ ಹುಡುಗಿಯರ ರ‍್ಯಾಂಕಿನ ಸುದ್ದಿ ಸರಿಯಾಗಿ ಅಚ್ಚಾಗುವುದರ ಹಿಂದೆ ಈ ಕಾಣದ ಅಕ್ಷರ ಇದೆ.

ಕಾಣದ್ದಕ್ಕೆ ಕಾಯುವವರು ಕಡಿಮೆ. ಅರ್ಜಿ ತುಂಬುವ ಪುಟಗಳು, ಸಂದೇಶ ಕಳಿಸುವ ತಂತ್ರಾಂಶಗಳು ಒಮ್ಮೊಮ್ಮೆ ಇವನ್ನು ಕಸ ಎಂದು ಬಗೆದು ಗುಡಿಸಿಹಾಕುತ್ತವೆ. ಬರೆದಾಗ ಸರಿಯಿದ್ದ ಹೆಸರು ಉಳಿಸಿದ ಮೇಲೆ ಕೆಟ್ಟಿರುತ್ತದೆ. ಹುಡುಕುವಾಗಲೂ ಅಷ್ಟೆ. 8204 ಇರುವ ರಾಜ್‌ಕುಮಾರ್, ಇಲ್ಲದ ರಾಜ್ಕುಮಾರ್ ಇಬ್ಬರೂ ಯಂತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳು. ಹುಡುಕಾಟದಲ್ಲಿ ಇದನ್ನು ಲೆಕ್ಕಿಸಬಾರದು, ಉಳಿಸುವಾಗ ಅಳಿಸಬಾರದು. ಹಲವರು ಇದನ್ನೇ ತಿರುವು ಮುರುವು ಮಾಡುತ್ತಾರೆ.

ನಿಮಗೆ ಇಂಥದ್ದು ಕಂಡಾಗ ದೂರು ಬರೆಯಿರಿ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಫಾಂಟ್ ಹಾಕಿಕೊಳ್ಳಿ ಎಂಬ ಉತ್ತರ ಬರುತ್ತದೆ. ‘ನಿಮ್ಮ ಪುಟ ಯೂನಿಕೋಡಿನ 8204 ಮತ್ತು 8205 ಅಕ್ಷರಗಳನ್ನು ಅಳಿಸುತ್ತಿದೆ’ ಎಂದು ಬರೆಯಿರಿ. ಜೊತೆಗೆ ಇನ್ನೊಂದು ಸಾಲು ಸೇರಿಸಿ. ಮೊಬೈಲಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ನಿಂತ ಎಮೋಜಿ ಇದೆಯಲ್ಲ, ಆ ಸಂಸಾರವನ್ನು ಜೋಡಿಸಿರುವುದೂ ಇದೇ 8205. ಅದನ್ನು ಅಳಿಸಿದರೆ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಬಿಡಿಬಿಡಿಯಾಗಿ ನಿಲ್ಲುತ್ತಾರೆ. ರ‍್ಯಾಂಕಿನ ಯ ಒತ್ತು ಅರ್ಥವಾಗದ ಎಂಜಿನಿಯರಿಗೂ ಇದನ್ನು ಹೇಳಿದರೆ ತಟ್ಟನೆ ಅರ್ಥವಾಗುತ್ತದೆ.